ಶಿವವ್ವನ ಮನೆಯ ನಾಲ್ಕು ಮೂಲೆ

ಬೆಲ್ಲದ ಬಾಗೇವಾಡಿಯಲ್ಲಿ ಶಿವವ್ವನ ಮನೆಗೆ ಹೋದವರು ಬಾಗಿಲಲ್ಲೇ ನಿಂತು ಒಮ್ಮೆ ತಮ್ಮ ಕಾಲು ತಾವೇ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳದೆ ಒಳಗೆ ಹೋದವರು ಹೋದಷ್ಟೇ ಬೇಗ ಹೊರಗೆ ಬಂದು ಈ ಪಾಠ ಕಲಿತಿದ್ದಾರೆ. ಬಾಗಿಲ ಬಾಜೂ ಒಂದು ಬಕೆಟ್ ನೀರು, ಒಂದು ಚೊಂಬು, ಒಂದು ಕಾಲೊರೆಸು, ಅದರ ಮುಂದೆ ಇನ್ನೊಂದು ಕಾಲೊರೆಸು. ಮೊದಲನೆಯದು ಕಾಲಿಗಾಗಿ. ಎರಡನೆಯದು ಮೊದಲನೆಯದರ ಮೇಲೆ ಶಿವವ್ವನಿಗೆ ನಂಬಿಕೆ ಇಲ್ಲದ್ದಕ್ಕಾಗಿ. ಮೀಟರ್ ನೋಡಲು ಬಂದ ಕರೆಂಟಿನವನೂ ಕಾಲು ತೊಳೆಯಬೇಕು, ಲಗ್ನಪತ್ರಿಕೆ ಕೊಡಲು ಬಂದ ಬೀಗರೂ ತೊಳೆಯಬೇಕು.

ಶಿವವ್ವನಿಗೆ ಈಗ ಐವತ್ತೆಂಟು. ಹದಿನಾರು ವರ್ಷ ಊರ ಶಾಲೆಯಲ್ಲಿ ಬಿಸಿಯೂಟ ಬೇಯಿಸಿದವಳು. ಮೇಲಿನಿಂದ ಸಾಹೇಬರು ತಪಾಸಣೆಗೆ ಬಂದರೆ ಹೆಡ್‌ಮಾಸ್ತರರು ಅವರನ್ನು ನೆಟ್ಟಗೆ ಶಿವವ್ವನ ಅಡುಗೆ ಕೋಣೆಗೆ ಕರೆದುಕೊಂಡು ಹೋಗುತ್ತಿದ್ದರು, ಉಳಿದ ಕೋಣೆಗಳನ್ನು ನೋಡುವಷ್ಟರಲ್ಲಿ ಬಸ್ಸಿನ ಹೊತ್ತಾಗಲಿ ಎಂದು. ಬಾಳೆಹಣ್ಣನ್ನು ಸಿಪ್ಪೆ ಸಮೇತ ತೊಳೆಯುವ, ಅಂಗಡಿಯಿಂದ ತಂದ ಸಾಬೂನನ್ನೂ ಒಮ್ಮೆ ತೊಳೆದೇ ಬಳಸುವ ಹೆಂಗಸು. ಗಂಡ ಲಕ್ಕಪ್ಪ ಹಿಡಕಲ್ ಡ್ಯಾಮಿನ ಕಾಲುವೆಗೆ ನೀರು ಬಿಡುವ ಕೆಲಸದಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತನಾದ. ಹತ್ತೂರ ಹೊಲಕ್ಕೆ ನೀರು ಬಿಟ್ಟು ಬಂದವನಿಗೆ ಅಂಗಳದಲ್ಲಿ ನಿಲ್ಲಿಸಿ ಹೆಂಡತಿ ನೀರು ಬಿಡುತ್ತಿದ್ದಳು. ಪುಣ್ಯಾತ್ಮ ಒಂದು ದಿನವೂ ಎದುರಾಡಲಿಲ್ಲ.

ಶಿವವ್ವನ ತೊಳೆಯುವ ಕೆಲಸ ನೀರಿನಲ್ಲಿ ಶುರುವಾಗಿ ಗಂಜಳದಲ್ಲಿ ಮುಗಿಯುತ್ತದೆ. ಹಿತ್ತಲಿನ ಗೌರಿ ಆಕಳು ಮುಂಜಾನೆ ಎದ್ದು ಹೊಯ್ಯುವುದನ್ನೇ ಕಾಯ್ದು ಹಿತ್ತಾಳೆ ತಂಬಿಗೆಯಲ್ಲಿ ಹಿಡಿದು, ಕರಿಕೆ ಹುಲ್ಲಿನ ಕಟ್ಟಿನಿಂದ ಪಡಸಾಲೆಯ ನಾಲ್ಕು ಮೂಲೆಗೂ ಚಿಮುಕಿಸಿದ ಮೇಲೆಯೇ ಅವಳ ಮಟ್ಟಿಗೆ ಬೆಳಗಾಗುತ್ತದೆ. ಇದು ಅತ್ತೆ ಹಾಕಿಕೊಟ್ಟ ಪದ್ಧತಿ. ಅತ್ತೆ ತೀರಿಕೊಂಡು ಇಪ್ಪತ್ತು ವರ್ಷವಾಯಿತು, ಮಣ್ಣಿನ ನೆಲ ಹೋಗಿ ಟೈಲ್ಸ್ ಬಂತು, ತಂಬಿಗೆ ಮಾತ್ರ ಒಂದು ದಿನವೂ ರಜೆ ಹಾಕಲಿಲ್ಲ.

ಇಂಥ ಮನೆಗೆ ನಾಯಿಯೊಂದು ಇರಲು ಬರುತ್ತದೆ ಎಂದಾಗ ಊರು ನಂಬಲಿಲ್ಲ. ಅದು ಊರಿನ ತಪ್ಪಲ್ಲ.

ನಾಯಿ ಶಿವವ್ವನ ಅಕ್ಕ ಕಾಶೆವ್ವನದು. ಕಾಶೆವ್ವ ಇರುವುದು ಮೂಡಲಗಿ ಕಡೆಯ ಕುಲಗೋಡದಲ್ಲಿ. ಅರವತ್ತಾರು ವರ್ಷ, ಎರಡೂ ಮೊಣಕಾಲು ಸವೆದು ಗೋಡೆ ಹಿಡಿದು ನಡೆಯುವಂತಾಗಿತ್ತು. ಗೋಕಾಕದ ಡಾಕ್ಟರು ಎರಡು ಸಲ ಆಪರೇಶನ್ನಿಗೆ ದಿನ ಗೊತ್ತು ಮಾಡಿದರು. ಎರಡು ಸಲವೂ ಕಾಶೆವ್ವ ನಾಯಿಯ ನೆಪ ಹೇಳಿ ತಪ್ಪಿಸಿಕೊಂಡಳು. ಮೂರನೆಯ ಸಲ ಡಾಕ್ಟರು, ಇನ್ನು ತಡಮಾಡಿದರೆ ಗಾಲಿ ಕುರ್ಚಿಯೇ ಗತಿ ಎಂದುಬಿಟ್ಟರು. ಆಗ ಮಗ ಬಸವಲಿಂಗ ಶಿವವ್ವನಿಗೆ ಫೋನು ಮಾಡಿದ. ಅವನದು ಗೋಕಾಕದಲ್ಲಿ ಬಾಡಿಗೆ ಮನೆ, ಮೂರನೇ ಮಹಡಿ, ನಾಯಿ ಸಾಕಕೂಡದೆಂದು ಮಾಲೀಕರ ಕರಾರು.

"ಚಿಗವ್ವಾ, ನಾಯಿದೊಂದು ಯವಸ್ಥಾ ಆಗೂತನಕಾ ಅವ್ವ ದವಾಖಾನಿ ಮೆಟ್ಲಾ ಹತ್ತಂಗಿಲ್ಲ ಅಂತ ಕುಂತಾಳ. ಎರಡ ತಿಂಗಳ ನೀ ಇಟ್ಕೋತೀಯೇನು?"

ಅಕ್ಕತಂಗಿಯರಿಗೆ ಹುಟ್ಟಿನಿಂದಲೂ ಜಿದ್ದು. ರೊಟ್ಟಿ ಯಾರದು ತೆಳುವು, ಸೀರೆ ಯಾರದು ಚಂದ, ಅಪ್ಪನಿಗೆ ಯಾರ ಮೇಲೆ ಪ್ರೀತಿ, ಯಾವುದರಲ್ಲೂ ಇವಳು ಸೋತೆ ಎಂದದ್ದಿಲ್ಲ, ಅವಳು ಬಿಟ್ಟೆ ಎಂದದ್ದಿಲ್ಲ. ಆದರೆ ಚಿಕ್ಕವರಿದ್ದಾಗ ಹಳ್ಳ ದಾಟಿ ಶಾಲೆಗೆ ಹೋಗಬೇಕಾಗಿತ್ತು. ಶಿವವ್ವನಿಗೆ ಆಗಲೂ ಕಾಲಿಗೆ ಕೆಸರು ಹತ್ತಿದರೆ ಸೇರುತ್ತಿರಲಿಲ್ಲ, ದಂಡೆಯ ಮೇಲೆ ನಿಂತು ಅಳುತ್ತಿದ್ದಳು. ಕಾಶೆವ್ವ ಬೈಯುತ್ತಲೇ ಅವಳನ್ನು ಬೆನ್ನ ಮೇಲೆ ಹೊತ್ತು, ಮೊಣಕಾಲುದ್ದ ಕೆಸರು ತುಳಿದು ದಾಟಿಸುತ್ತಿದ್ದಳು. ನಾಲ್ಕು ವರ್ಷ ಹೊತ್ತಳು. ಸವೆದಿರುವುದು ಅದೇ ಮೊಣಕಾಲು.

"ಕಳಸು" ಎಂದಳು ಶಿವವ್ವ.

ನಾಯಿಯ ಹೆಸರು ದಿವಾನ. ಕಂದು ಬಣ್ಣದ ಊರನಾಯಿ, ಒಂದು ಕಿವಿ ನಿಂತಿತ್ತು, ಒಂದು ಬಿದ್ದಿತ್ತು. ಕುಳಿತರೆ ಮುಂಗಾಲು ಜೋಡಿಸಿ, ಎದೆ ಮುಂದೆ ಮಾಡಿ, ಎದುರಿಗಿದ್ದವರ ಅಹವಾಲು ಕೇಳುವವನ ಗತ್ತಿನಲ್ಲಿ ಕುಳಿತುಕೊಳ್ಳುತ್ತಿತ್ತು. ಹೆಸರು ಬಂದದ್ದು ಅದರಿಂದ. ಏಳು ವರ್ಷದ ನಾಯಿ, ಬುದ್ಧಿ ಬಲಿತದ್ದು. ಕುಲಗೋಡದಲ್ಲಿ ಒಂದು ದಿನವೂ ಮನೆಯೊಳಗೆ ಹೊಲಸು ಮಾಡಿದ್ದಿಲ್ಲ ಎಂದು ಕಾಶೆವ್ವ ಫೋನಿನಲ್ಲಿ ಏಳು ಸಲ ಹೇಳಿದ್ದಳು.

ನಾಯಿ ಬರುವ ದಿನ ಶಿವವ್ವ ಮುಂಜಾಗ್ರತೆಯಾಗಿ ಒಂದು ತಂಬಿಗೆಯ ಬದಲು ಎರಡು ತಂಬಿಗೆ ಗಂಜಳ ಚಿಮುಕಿಸಿದಳು. ಗಾಡಿಯಿಂದ ಇಳಿದ ದಿವಾನನ ನಾಲ್ಕೂ ಕಾಲು ತೊಳೆದು, ಎರಡೂ ಕಾಲೊರೆಸಿನ ಮೇಲೆ ನಡೆಸಿ ಒಳಗೆ ಬಿಟ್ಟಳು. ದಿವಾನ ಪಡಸಾಲೆಯ ನಡುವೆ ನಿಂತ. ಮೂಗು ಮೇಲೆತ್ತಿದ. ಒಂದು ಮೂಲೆಗೆ ಹೋಗಿ ಮೂಸಿದ, ಎರಡನೆಯದಕ್ಕೆ ಹೋದ, ಮೂರನೆಯದು, ನಾಲ್ಕನೆಯದು, ಜಮೀನು ಅಳೆಯಲು ಬಂದ ಸರ್ವೆಯವರ ಹಾಗೆ ಒಂದನ್ನೂ ಬಿಡಲಿಲ್ಲ. ಆಮೇಲೆ ಮೊದಲ ಮೂಲೆಗೆ ತಿರುಗಿ ಬಂದು ಹಿಂಗಾಲೆತ್ತಿದ.

ಮುಗಿಸಿ ಶಿವವ್ವನ ಕಡೆ ನೋಡಿ ಬಾಲವನ್ನೂ ಅಲ್ಲಾಡಿಸಿದ.

ಶಿವವ್ವನ ಕೂಗು ಓಣಿಯ ತುದಿಯವರೆಗೆ ಕೇಳಿಸಿತು. ನೀರು ಹೊಯ್ದಳು, ಸೋಪಿನ ಪುಡಿ ಹಾಕಿ ತಿಕ್ಕಿದಳು, ಫಿನಾಯಿಲ್ ಒರೆಸಿದಳು, ಕೊನೆಗೆ ಗಂಜಳ ಹೊಡೆದಳು. ಇಷ್ಟಾದ ಮೇಲೆ ನೆಲ ಶುದ್ಧವಾಯಿತೆಂದು ಉಸಿರು ಬಿಟ್ಟಳು. ಸಂಜೆ ನೋಡಿದರೆ ಅದೇ ಮೂಲೆಯಲ್ಲಿ ಅದೇ ಕತೆ. ಅವಳು ಮತ್ತೆ ತೊಳೆದು ಇಮ್ಮಡಿ ಗಂಜಳ ಹೊಡೆದಳು. ಮರುದಿನ ದಿವಾನ ಎರಡನೆಯ ಮೂಲೆಯನ್ನೂ ಸೇರಿಸಿಕೊಂಡ. ನಾಲ್ಕನೆಯ ದಿನದ ಹೊತ್ತಿಗೆ ಪಡಸಾಲೆಯ ಎಲ್ಲ ಮೂಲೆಗಳೂ ಅವನ ವಶದಲ್ಲಿದ್ದವು.

"ಕಟ್ಟಿ ಹಾಕೂನೇನು?" ಎಂದ ಲಕ್ಕಪ್ಪ.

"ಕಟ್ಟಿದ್ರ ಅಕ್ಕ ಫೋನಿನ್ಯಾಗ ನೋಡ್ತಾಳ."

ಅದು ನಿಜವಾಗಿತ್ತು. ಆಪರೇಶನ್ನಿಗೆಂದು ಗೋಕಾಕಕ್ಕೆ ಬಂದಿದ್ದ ಕಾಶೆವ್ವ ದಿನಾ ಸಂಜೆ ಆರಕ್ಕೆ ವಿಡಿಯೋ ಕಾಲ್ ಮಾಡಿ ದಿವಾನನನ್ನು ಕಣ್ಣಾರೆ ನೋಡಿದ ಮೇಲೆಯೇ ಗುಳಿಗೆ ನುಂಗುತ್ತಿದ್ದಳು. ಅವನು ಅಲ್ಲಿ ಸುಖವಾಗಿಲ್ಲ ಎಂದು ತಿಳಿದರೆ ಆ ಕ್ಷಣವೇ ಕುಲಗೋಡದ ಬಸ್ಸು ಹತ್ತುವುದಾಗಿ ಮೊದಲೇ ಹೇಳಿಟ್ಟಿದ್ದಳು. ಆಪರೇಶನ್ ಬರುವ ಸೋಮವಾರದ ಮುಂದಿನ ಸೋಮವಾರ. ಅಲ್ಲಿಯವರೆಗೆ ಅವಳಿಗೆ ಏನೂ ಗೊತ್ತಾಗದಂತೆ ನೋಡಿಕೊಳ್ಳಬೇಕಿತ್ತು.

ಶಿವವ್ವ ಬೈದಳು. ಒಮ್ಮೆ ಸಿಟ್ಟು ನೆತ್ತಿಗೇರಿ ಅವನ ಕುತ್ತಿಗೆ ಹಿಡಿದು ಹೊಲಸಿನ ಹತ್ತಿರ ಮೂಗು ಒಯ್ದು ತೋರಿಸಿದಳು. ಅದರ ಫಲ ಕೂಡಲೇ ಕಂಡಿತು. ದಿವಾನ ಅವಳೆದುರಿಗೆ ಕಾಲೆತ್ತುವುದನ್ನು ಬಿಟ್ಟು, ಅವಳು ಹಿತ್ತಲಿಗೆ ಹೋದ ಹೊತ್ತು ನೋಡಿ ಎತ್ತತೊಡಗಿದ. ಪಕ್ಕದ ಮನೆಯ ನೇತ್ರಾ ಬಂದು, ಬಟ್ಟೆಗೆ ಹಾಕುವ ನೀಲಿಯನ್ನು ನೀರಿಗೆ ಕದಡಿ ಬಾಟಲಿಯಲ್ಲಿಟ್ಟರೆ ನಾಯಿ ಆ ಕಡೆ ಸುಳಿಯುವುದಿಲ್ಲ ಎಂದು ಹೇಳಿದಳು. ಓಣಿಯ ಎಲ್ಲರ ಗೇಟಿನ ಮುಂದೆಯೂ ಅಂಥ ಬಾಟಲಿ ಇದ್ದವು. ಶಿವವ್ವ ಇಪ್ಪತ್ತೆರಡು ಬಾಟಲಿ ತುಂಬಿಸಿ, ಪ್ರತಿಯೊಂದನ್ನೂ ತೊಳೆದು ಒರೆಸಿ, ಪಡಸಾಲೆಯ ಗೋಡೆಗುಂಟ ಸಾಲಾಗಿ ಇಟ್ಟಳು. ಮನೆಗೆ ಒಂದು ಕಳೆ ಬಂತು. ದಿವಾನ ಬಾಟಲಿಗಳ ನಡುವಿನ ಸಂದು ನೋಡಿಕೊಂಡು, ಒಂದನ್ನೂ ಉರುಳಿಸದೆ ತನ್ನ ಕೆಲಸ ಮುಗಿಸಿದ. ಅಷ್ಟು ನಾಜೂಕಿನ ಕೆಲಸಕ್ಕೆ ಲಕ್ಕಪ್ಪ ಮನಸ್ಸಿನಲ್ಲೇ ಶಹಬ್ಬಾಸ್ ಎಂದ. ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗೆ ಇರಲಿಲ್ಲ.

ಲಕ್ಕಪ್ಪನದು ಬೇರೆಯೇ ಲೆಕ್ಕಾಚಾರ. ಕಾಲುವೆಗೆ ಪಾಳಿ ಪ್ರಕಾರ ನೀರು ಬಿಟ್ಟ ಮನುಷ್ಯ. ಗೇಟು ಹೊತ್ತಿಗೆ ಸರಿಯಾಗಿ ತೆರೆದರೆ ನೀರು ಎಲ್ಲೆಂದರಲ್ಲಿ ಒಡೆದು ಹರಿಯುವುದಿಲ್ಲ ಎಂಬುದು ಮೂವತ್ತು ವರ್ಷದ ಅನುಭವ. ಅವನು ದಿವಾನನಿಗೂ ಪಾಳಿ ಹಚ್ಚಿದ. ಮುಂಜಾನೆ ಆರಕ್ಕೆ, ಉಂಡ ಮೇಲೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ, ಹೀಗೆ ಐದು ಸಲ ಹೊರಗೆ ಕರೆದೊಯ್ದ. ದಿವಾನ ಐದು ಸಲವೂ ಹೊರಗೆ ಚೊಕ್ಕಟವಾಗಿ ಮುಗಿಸುತ್ತಿದ್ದ. ಮನೆಗೆ ಬಂದು, ಕಾಲು ತೊಳೆಸಿಕೊಂಡು, ಮೂಲೆಗಳಿಗೆ ಒಂದೊಂದು ಹನಿ ಹಾಕಿ ಮಲಗುತ್ತಿದ್ದ.

"ಗೇಟ ಸರಿ ಐತಿ. ಇದು ಬ್ಯಾರೆ ಎಲ್ಲೋ ಸೋರಾಕತ್ತೈತಿ" ಎಂದು ಲಕ್ಕಪ್ಪ ತಲೆ ಕೆರೆದುಕೊಂಡ.

ರೋಸಿಹೋದ ಶಿವವ್ವ ಅಂದು ಇಡೀ ಮನೆಗೆ ಗಂಜಳ ಹೊಡೆದಳು. ಸೋಫಾದ ಕಾಲಿಗೆ ಹೊಡೆದಳು, ಟೀವಿಯ ಟೇಬಲ್ಲಿಗೆ ಹೊಡೆದಳು, ಗಂಡ ಮಲಗುವ ಮಂಚಕ್ಕೂ ಹೊಡೆದಳು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಲಕ್ಕಪ್ಪ ಮಂಚದ ಮೇಲೆ ಎದ್ದು ಕುಳಿತು, ತನ್ನ ಒದ್ದೆ ಪಾದ ಮುಟ್ಟಿ ನೋಡಿಕೊಂಡು, ಬಹಳ ಹೊತ್ತು ಏನನ್ನೋ ಯೋಚಿಸಿದ.

ಬುಧವಾರ ಸಂಜೆ ಆರಕ್ಕೆ ಫೋನು ಬಂತು. ಶಿವವ್ವ ಫೋನನ್ನು ದಿವಾನನ ಮುಖಕ್ಕೆ ಎಷ್ಟು ಹತ್ತಿರ ಹಿಡಿದಳೆಂದರೆ ಕಾಶೆವ್ವನಿಗೆ ಮೂಗಿನ ಹೊಳ್ಳೆ ಬಿಟ್ಟು ಬೇರೇನೂ ಕಾಣಲಿಲ್ಲ.

"ಜರಾ ಹಿಂದ ಸರಕೋ. ನಾ ಅವನ ಮಾರಿ ನೋಡಬೇಕು, ಮೂಗಲ್ಲ" ಎಂದಳು ಕಾಶೆವ್ವ. ಶಿವವ್ವ ಒಂದು ಹೆಜ್ಜೆ ಸರಿದಳು. "ಹಿಂದ ಏನ ಅವು ನೀಲಿ ನೀಲಿ?"

"ಅಲಂಕಾರ" ಎಂದಳು ಶಿವವ್ವ.

ದಿವಾನ ಒಡತಿಯ ದನಿ ಕೇಳಿ ಕುಣಿದ, ನೆಗೆದ, ಒಂದು ಸುತ್ತು ಸುತ್ತಿದ. ಆ ಸಂತೋಷದಲ್ಲೇ ಹಿಂದಿನ ಮೂಲೆಗೆ ಹೋಗಿ, ಎರಡು ನೀಲಿ ಬಾಟಲಿಗಳ ನಡುವೆ ಕಾಲೆತ್ತಿದ. ಫೋನು ಎಲ್ಲವನ್ನೂ ಗೋಕಾಕಕ್ಕೆ ತಲುಪಿಸಿತು.

ಕಾಶೆವ್ವ ಮೆಲ್ಲಗೆ ಅಂದಳು, "ಏಳ ವರ್ಷದಾಗ ನನ್ನ ಮನ್ಯಾಗ ಒಮ್ಮಿನೂ ಮಾಡಿಲ್ಲ ಶಿವಿ. ಅವಂಗ ಅಲ್ಲಿ ಏನೋ ತ್ರಾಸ ಐತಿ. ನಾ ನಾಳೆ ಊರಿಗಿ ಹೋಗ್ತೇನಿ, ಅವನ್ನ ಕಳಸು."

"ಅಕ್ಕಾ, ನಿನ್ನ ಕಾಲ—"

"ನನ್ನ ಕಾಲ ನಂದು."

ಶಿವವ್ವನಿಗೆ ಜಗಳಕ್ಕೆ ಬಳಸುವ ಒಂದು ಮಾತೂ ಆಗ ನೆನಪಿಗೆ ಬರಲಿಲ್ಲ. "ಸೋಮವಾರತನಕಾ ತಡಿ ಅಕ್ಕಾ" ಎಂದಳು. "ಶನಿವಾರ, ಐತ್ವಾರ ಎರಡ ದಿನಾ ಒಂದ ಹನಿ ಒಳಗ ಬಿದ್ರೂ ನೀ ಊರಿಗಿ ಹೋಗು, ನಾ ತಡಿಯಂಗಿಲ್ಲ."

"ಸೋಮವಾರ ಮುಂಜಾನಿ ಥೇಟರಿಗಿ ಒಯ್ಯೂಕಿಂತ ಮದಲ ಕೇಳ್ತೇನಿ. ಕೊರಳಾಗಿನ ಲಿಂಗಾ ಹಿಡದ ಖರೆ ಹೇಳಬೇಕು. ಆವತ್ತ ಮುಂಜಾನಿದೂ ಲೆಕ್ಕಕ್ಕ ಐತಿ."

"ಹೇಳ್ತೇನಿ."

ಗುರುವಾರ ಮುಂಜಾನೆ ಲಕ್ಕಪ್ಪ ಹುಕ್ಕೇರಿಯ ದನದ ದವಾಖಾನೆಗೆ ಫೋನು ಮಾಡಿದ. ರೋಗವೇನಾದರೂ ಇದೆಯೋ ನೋಡಬೇಕು, ಬರುವಾಗ ನಾಯಿಯ ಮೂತ್ರವನ್ನು ಸ್ವಚ್ಛ ಬಾಟಲಿಯಲ್ಲಿ ತನ್ನಿ ಎಂದರು ಅಲ್ಲಿಂದ. ಬಾಟಲಿಗೇನು ಕಡಿಮೆ ಇರಲಿಲ್ಲ ಆ ಮನೆಯಲ್ಲಿ. ಹಿಡಿಯುವುದು ಹೇಗೆ ಎಂಬುದೇ ಪ್ರಶ್ನೆ. ಲಕ್ಕಪ್ಪ ಅಡುಗೆ ಮನೆಯಿಂದ ಉದ್ದ ಹಿಡಿಯ ಸೌಟೊಂದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಹೊರಬಿದ್ದ.

ಒಳಗೆ ಹೊತ್ತಿಲ್ಲದ ಹೊತ್ತಿನಲ್ಲಿ ಧಾರಾಳವಾಗಿದ್ದ ದಿವಾನ ಅಂದು ಭಾರೀ ಜಿಪುಣನಾದ. ಕಂಬ ಕಂಡರೆ ನಿಲ್ಲುತ್ತಾನೆ, ಕಾಲು ಅರ್ಧ ಎತ್ತುತ್ತಾನೆ, ಲಕ್ಕಪ್ಪ ಸೌಟು ಚಾಚಿದೊಡನೆ ಕಾಲಿಳಿಸಿ ಮುಂದಿನ ಕಂಬಕ್ಕೆ ಹೋಗುತ್ತಾನೆ. ಮುಂದೆ ದಿವಾನ, ಹಿಂದೆ ಸೌಟು ಚಾಚಿ ಬಗ್ಗಿದ ಲಕ್ಕಪ್ಪ, ಅವನ ಹಿಂದೆ ಬಾಟಲಿ ಹಿಡಿದ ಶಿವವ್ವ. ಬಸ್ ಸ್ಟ್ಯಾಂಡಿನವರೆಗೆ ಮೆರವಣಿಗೆ ನಡೆಯಿತು. ಚಹಾದಂಗಡಿಯವರು ಗ್ಲಾಸು ಕೆಳಗಿಟ್ಟು ಎದ್ದು ನಿಂತು ನೋಡಿದರು. ಹಾಲಿನ ಡೇರಿಯ ಮುಂದೆ ಕೊನೆಗೂ ದಿವಾನ ಮನಸ್ಸು ಮಾಡಿದ. ಸೌಟು ತುಂಬಿತು. ಆಗಲೇ ಶಿವವ್ವನ ಕಣ್ಣು ಸೌಟಿನ ಮೇಲೆ ಬಿದ್ದದ್ದು. ಶಾಲೆ ಬಿಟ್ಟು ಬರುವಾಗ ಹೆಡ್‌ಮಾಸ್ತರರು ಹೆಸರು ಕೊರೆಸಿ ಕಾಣಿಕೆ ಕೊಟ್ಟ ಸಾರಿನ ಸೌಟು ಅದು.

"ಏನ್ರಿ" ಎಂದಳು ಶಿವವ್ವ.

"ಮದಲ ಬಾಟ್ಲಿಗಿ ಹಾಕೂಣು. ಆಮ್ಯಾಲ ಮನಿಗಿ ಹೋಗಿ ಬಯ್ಯಿ" ಎಂದ ಲಕ್ಕಪ್ಪ, ಕೈ ಅಲುಗಾಡಿಸದೆ.

ಹುಕ್ಕೇರಿಯ ದವಾಖಾನೆಯಲ್ಲಿದ್ದ ಡಾಕ್ಟರು ದೀಪಾ ಎಂಬ ಮೂಡಲಗಿ ಕಡೆಯ ಹುಡುಗಿ. ದಿವಾನನ ಹೊಟ್ಟೆ ಒತ್ತಿ ನೋಡಿದಳು, ಬಾಟಲಿಯಲ್ಲಿ ಪಟ್ಟಿಯೊಂದನ್ನು ಅದ್ದಿ ಬಣ್ಣ ನೋಡಿದಳು. ಕಲ್ಲಿಲ್ಲ, ಸಕ್ಕರೆಯಿಲ್ಲ, ಹುಣ್ಣಿಲ್ಲ, ನಾಯಿ ಗಟ್ಟಿಮುಟ್ಟಾಗಿದೆ ಎಂದಳು. ಎಲ್ಲೆಲ್ಲಿ ಮಾಡುತ್ತಾನೆ, ದಿನಕ್ಕೆ ಎಷ್ಟು ಸಲ, ಎಷ್ಟು ಮಾಡುತ್ತಾನೆ ಎಂದು ಒಂದೊಂದಾಗಿ ಕೇಳುತ್ತ ಬಂದವಳು ಕೊನೆಗೆ, "ಮಾಡಿದ ಜಾಗಾ ಹೆಂಗ ಸ್ವಚ್ಛ ಮಾಡ್ತೀರಿ ಅವ್ವಾರ?" ಎಂದಳು.

ಶಿವವ್ವ ಈ ಪ್ರಶ್ನೆಗಾಗಿ ಹುಟ್ಟಿ ಬಂದವಳು. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು. "ಮದಲ ತಣ್ಣೀರ ಹೊಡಿತೇನ್ರಿ. ಆಮ್ಯಾಲ ಸೋಪಿನ ಪುಡಿ ಹಾಕಿ ತಿಕ್ಕತೇನಿ. ಆಮ್ಯಾಲ ಫಿನಾಯಿಲ್. ಅದಕ್ಕೂ ನಂಗ ಸಮಾಧಾನ ಆಗಂಗಿಲ್ರಿ. ಕಡೀಕ ಗಂಜಳಾ ಹೊಡಿತೇನಿ."

ದೀಪಾ ಪೆನ್ನು ಕೆಳಗಿಟ್ಟಳು. "ಆಕಳ ಗಂಜಳಾ?"

"ಮತ್ತೇನ್ರಿ. ತಾಜಾ."

"ದಿನಾ?"

"ನಾಯಿ ಬರೂಕಿಂತ ಮದಲ ದಿನಾ ಒಂದ ಸಲ. ಈಗ ಅವ ಮಾಡಿದಾಗೊಮ್ಮಿ."

ದೀಪಾ ನಗು ತಡೆದುಕೊಳ್ಳಲು ಕಿಟಕಿಯ ಕಡೆ ನೋಡಿದಳು. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದಳು. "ಅವ್ವಾರ, ನಾಯಿ ಲೋಕಾ ನೋಡೂದು ಮೂಗಿಲೆ. ನಿಮಗ ಅದು ಗಂಜಳಾ. ಅವಂಗ ಅದು ಯಾವದೋ ಪ್ರಾಣಿ ಮನ್ಯಾಗ ಬಂದು ಉಚ್ಚಿ ಹೊಯ್ದು ತನ್ನ ಗುರುತ ಹಾಕಿ ಹೋದಂಗ. ದಿನಾ ಬರತೈತಿ, ನಾಕೂ ಮೂಲಿಗಿ ಹಾಕತೈತಿ, ಕಣ್ಣಿಗಿ ಮಾತ್ರ ಬೀಳವಲ್ದು. ಅವಂಗ ಹೆಂಗ ಸುಮ್ನ ಕುಂದರಾಕ ಆಗತೈತ್ರಿ? ಈ ಮನ್ಯಾಗ ನಾನೂ ಅದೀನಿ ಅಂತ ಅದರ ಮ್ಯಾಲ ತಂದೊಂದು ಹಾಕ್ತಾನ. ನೀವ ಮತ್ತ ಹೊಡಿತೀರಿ. ಅವ ಮತ್ತ ಹಾಕ್ತಾನ."

"ಹಂಗಂದ್ರ ಅವ ಮನಿ ಹೊಲಸ ಮಾಡಾಕತ್ತಿಲ್ಲ?"

"ಮನಿ ಕಾಯಾಕತ್ತಾನ್ರಿ."

"ಯಾರ ಕೈಯಾಗಿಂದ?"

"ನಿಮ್ಮ ಆಕಳ ಕೈಯಾಗಿಂದ."

ಮೂವತ್ತು ವರ್ಷ ಸರಕಾರಿ ಕಚೇರಿಗಳಲ್ಲಿ ಎಂದೂ ನಕ್ಕಿರದ ಲಕ್ಕಪ್ಪ ಅಂದು ಸರಕಾರಿ ಕುರ್ಚಿಯಲ್ಲಿ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕ. ಶಿವವ್ವ ನಗಲಿಲ್ಲ. ನಲವತ್ತೊಂದು ವರ್ಷ ತಾನು ಶುದ್ಧ ಮಾಡಿದ್ದು ನಾಯಿಯ ಮೂಗಿಗೆ ಊರ ದನಗಳ ಮೂತ್ರಿಯಾಗಿ ಕಂಡಿತಲ್ಲ ಎಂದು ಅವಳಿಗೆ ಅಳುವೇ ಬಂತು. ಆದರೆ ಅಕ್ಕನ ಮೊಣಕಾಲು ನೆನಪಾಗಿ ಮೂಗು ಒರೆಸಿಕೊಂಡಳು. "ಏನ ಮಾಡಬೇಕ ಹೇಳ್ರಿ" ಎಂದಳು.

ದೀಪಾ ಹೇಳಿದ್ದು ಮೇಲುನೋಟಕ್ಕೆ ಸುಲಭ. ಮನೆಯೊಳಗೆ ಗಂಜಳ ಬೇಡ, ಒಂದು ಹನಿಯೂ ಬೇಡ. ಬಟ್ಟೆ ಒಗೆಯುವ ಒಳ್ಳೆಯ ಪುಡಿಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ಕಲಸಿ ಮೂಲೆಗಳನ್ನು ನೆನೆಸಿ, ತೊಳೆದು, ವಾಸನೆಯ ಬೇರು ಹೋಗುವವರೆಗೆ ಒಣಗಿಸಬೇಕು. ಮೂಗು ತಿಕ್ಕುವುದು, ಬೈಯುವುದು ಬೇಡ. ಬೈದರೆ ನಿಮ್ಮೆದುರು ಮಾಡಬಾರದು ಎಂದಷ್ಟೇ ಅವನು ಕಲಿಯುತ್ತಾನೆ. ಲಕ್ಕಪ್ಪನ ಪಾಳಿ ಸರಿಯಿದೆ, ಹಾಗೇ ನಡೆಯಲಿ. ಹೊರಗೆ ಮಾಡಿದ ಕೂಡಲೇ, ಅಲ್ಲೇ, ಬಾಯಿತುಂಬ ಹೊಗಳಿ ತಿನ್ನಲು ಏನಾದರೂ ಕೊಡಬೇಕು.

"ಇನ್ನೊಂದ ಐತ್ರಿ" ಎಂದಳು ದೀಪಾ. "ನಾಯಿ ತಾ ಉಣ್ಣೂ ಜಾಗಾದಾಗ ಹೊಲಸ ಮಾಡಂಗಿಲ್ಲ. ಯಾವ ಯಾವ ಮೂಲ್ಯಾಗ ಮಾಡ್ಯಾನ, ಅಲ್ಲೇ ಅವಂಗ ಊಟಾ ಹಾಕ್ರಿ."

"ಪಡಸಾಲ್ಯಾಗ?"

"ಪಡಸಾಲ್ಯಾಗ."

"ಇವರ ಮಂಚದ ಮ್ಯಾಲೂ ಮಾಡ್ಯಾನಲ್ರಿ" ಎಂದಳು ಶಿವವ್ವ ಕ್ಷೀಣ ದನಿಯಲ್ಲಿ.

"ಮಂಚದ ಬಾಜೂ ಹಾಕಿದ್ರ ಸಾಕ್ರಿ."

ಗುರುವಾರ ಸಂಜೆಯಿಂದ ಆ ಮನೆಯಲ್ಲಿ ನಡೆದದ್ದನ್ನು ನೇತ್ರಾ ಇಂದಿಗೂ ಕೈ ಅಲ್ಲಾಡಿಸಿ ಅಲ್ಲಾಡಿಸಿ ಹೇಳುತ್ತಾಳೆ. ಶಿವವ್ವ ಮನೆ ತೊಳೆದ ರಭಸಕ್ಕೆ ಗಟಾರದಲ್ಲಿ ನೊರೆ ಎದ್ದು ಓಣಿಯ ತಿರುವಿನವರೆಗೆ ಹರಿಯಿತು. ಇಪ್ಪತ್ತೆರಡು ಬಾಟಲಿಗಳ ನೀಲಿ ನೀರು ಲಕ್ಕಪ್ಪನ ಮೂರು ಧೋತರಕ್ಕೆ ಖರ್ಚಾಗಿ, ಅವನು ಒಂದು ವಾರ ಆಕಾಶದ ತುಂಡುಟ್ಟುಕೊಂಡು ಓಡಾಡಿದ. ಅಡುಗೆ ಮನೆಯ ಹೊಸ್ತಿಲಾಚೆ ಗಂಡನಿಗೂ ತಾಟು ಇಡದಿದ್ದ ಹೆಂಗಸು, ಹಾಲಿನಲ್ಲಿ ರೊಟ್ಟಿ ಕಲಸಿ, ಮುಂಜಾನೆಯ ಊಟ ಈ ಮೂಲೆಗೆ, ಸಂಜೆಯದು ಆ ಮೂಲೆಗೆ, ನಡುವೆ ಒಂದಿಷ್ಟು ಮಂಚದ ಬಾಜೂ ಎಂದು ತಾಟು ಹಿಡಿದು ಸುತ್ತಿದಳು. ದಿವಾನ ಪ್ರತಿ ತಾಟಿನ ಮುಂದೆಯೂ ಎದೆ ಮುಂದೆ ಮಾಡಿ ಕುಳಿತು, ತಡವಾಗಿಯಾದರೂ ಸಂದ ಗೌರವವೆಂದು ಸ್ವೀಕರಿಸಿದ.

ಹೊರಗಿನ ಕೆಲಸ ಇನ್ನೂ ಕಠಿಣವಾಗಿತ್ತು. ಲಕ್ಕಪ್ಪನಿಗೆ ಹೊಗಳಲು ಬರುತ್ತಿರಲಿಲ್ಲ, ಅಭ್ಯಾಸವಿರಲಿಲ್ಲ. ಆದ್ದರಿಂದ ಶಿವವ್ವನೇ ಜೊತೆಗೆ ಹೋಗಬೇಕಾಯಿತು. ದಿವಾನ ಕಂಬಕ್ಕೆ ಕಾಲೆತ್ತಿದ ಕೂಡಲೇ, ಊರಿಗೇ ಸ್ವಚ್ಛತೆಯ ಪಾಠ ಹೇಳಿದವಳು ನಡುಬೀದಿಯಲ್ಲಿ ನಿಂತು ಚಪ್ಪಾಳೆ ತಟ್ಟಿ, "ಶಾಣ್ಯಾ ನನ್ನಪ್ಪಾ, ಭಾಳ ಚಲೋ ಹೊಯ್ದಿ" ಎಂದು ಒಣಗಿದ ರೊಟ್ಟಿಯ ಚೂರು ಬಾಯಿಗಿಡುತ್ತಿದ್ದಳು. ಮೊದಲ ದಿನ ಅವಳ ದನಿ ಅವಳಿಗೇ ಕೇಳಿಸುತ್ತಿರಲಿಲ್ಲ. ಎರಡನೆಯ ದಿನ ಚಹಾದಂಗಡಿಗೆ ಕೇಳಿಸಿತು. ಮೂರನೆಯ ದಿನ ಚಹಾದಂಗಡಿಯವರೂ ಜೊತೆಗೆ ಚಪ್ಪಾಳೆ ತಟ್ಟಿದರು.

ಶುಕ್ರವಾರ ಒಂದು ಸಲ ಮಂಚದ ಕಾಲಿಗೆ ಆಯಿತು. ಹುಡುಕಿ ನೋಡಿದರೆ ಮಂಚಕ್ಕೆ ನೇಯ್ದ ನವಾರಿಗೆ ಹೊಡೆದ ಗಂಜಳ ಹಾಗೇ ಉಳಿದಿತ್ತು. ನವಾರು ಬಿಚ್ಚಿ ಒಗೆದು ಮಾಳಿಗೆಯ ಮೇಲೆ ಹಾಕಿದರು, ಲಕ್ಕಪ್ಪ ಎರಡು ರಾತ್ರಿ ನೆಲದ ಮೇಲೆ ಮಲಗಿದ. ಶನಿವಾರ ದಿವಾನ ಮೂಲೆಗೆ ಹೋಗಿ ಮೂಸಿದ. ಶಿವವ್ವ ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ಅವನು ಮತ್ತೊಮ್ಮೆ ಮೂಸಿ, ಅಲ್ಲಿ ಯಾರೂ ಬಂದು ಹೋಗಿಲ್ಲವೆಂದು ಖಾತ್ರಿಯಾಗಿ, ಅಲ್ಲೇ ಮೈಚಾಚಿ ಮಲಗಿದ. ಭಾನುವಾರವೂ ನೆಲ ಒಣಗಿತ್ತು.

ಸೋಮವಾರ ಮುಂಜಾನೆ ಶಿವವ್ವ ಐದಕ್ಕೆ ಎದ್ದಳು. ಜಳಕ ಮಾಡಿ, ಪೂಜೆಗೆ ಕೂರುವ ಮೊದಲು ಹಿತ್ತಲಿಗೆ ಹೋದಳು. ಗೌರಿ ಎದ್ದು ನಿಂತಿದ್ದಳು. ಕೈ ತಾನಾಗಿ ತಂಬಿಗೆ ಹಿಡಿಯಿತು, ತಂಬಿಗೆ ತುಂಬಿತು, ಕಾಲು ತಾವಾಗಿ ಪಡಸಾಲೆಗೆ ಬಂದವು. ಕರಿಕೆಯ ಕಟ್ಟು ಅದ್ದಿ ಮೇಲೆತ್ತಿದಾಗಲೇ ಅವಳಿಗೆ ಎಚ್ಚರವಾದದ್ದು.

ಮೂಲೆಯಲ್ಲಿ ಮಲಗಿದ್ದ ದಿವಾನ ತಲೆಯೆತ್ತಿ ಮೂಗು ಅರಳಿಸಿದ.

ಶಿವವ್ವನಿಗೆ ಕೈ ಇಳಿಸಲೂ ಆಗಲಿಲ್ಲ, ಚಿಮುಕಿಸಲೂ ಆಗಲಿಲ್ಲ. ಇನ್ನು ನಾಲ್ಕು ತಾಸಿಗೆ ಅಕ್ಕನ ಕಾಲಿಗೆ ಕತ್ತರಿ ಬೀಳುತ್ತದೆ. ಒಳ್ಳೆಯ ಕೆಲಸದ ದಿನ ಮನೆ ಶುದ್ಧ ಮಾಡದೆ ಇರುವುದೆಂದರೆ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು. ಏನಾದರೂ ಹೆಚ್ಚುಕಡಿಮೆಯಾದರೆ ಜೀವಮಾನವಿಡೀ ಈ ತಂಬಿಗೆ ಕಣ್ಣೆದುರು ನಿಲ್ಲುತ್ತದೆ. ಚಿಮುಕಿಸಿದರೆ ಇನ್ನೊಂದು ಗಳಿಗೆಯಲ್ಲಿ ದಿವಾನ ಎದ್ದು ಬಂದು ಕಾಲೆತ್ತುತ್ತಾನೆ, ಅಕ್ಕ ಕೇಳುತ್ತಾಳೆ, ಲಿಂಗ ಹಿಡಿದು ಸುಳ್ಳು ಹೇಳಲಾಗುವುದಿಲ್ಲ. ಅತ್ತೆಯ ಮುಖ ನೆನಪಾಯಿತು. ಹಳ್ಳದ ಕೆಸರಿನಲ್ಲಿ ಹೂತ ಅಕ್ಕನ ಕಾಲು ನೆನಪಾದವು.

ಅವಳು ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಹನಿಯೂ ತುಳುಕದಂತೆ ಪಡಸಾಲೆ ದಾಟಿ, ಅಂಗಳ ದಾಟಿ, ಗೇಟಿನ ಬಾಜೂ ಇದ್ದ ನಿಂಬೆ ಗಿಡದ ಬುಡಕ್ಕೆ ಸುರಿದಳು. "ಅತ್ತೀ, ಇವತ್ತಿಂದ ಮನಿ ಇಲ್ಲಿಂದ ಸುರು ಆಗತೈತಿ ಅಂತ ತಿಳ್ಕೋ" ಎಂದಳು. ಹಿಂದೆಯೇ ಬಂದಿದ್ದ ದಿವಾನ ಗಿಡ ಮೂಸಿ, ಪ್ರಾಣಿ ಕೊನೆಗೂ ಬಾಗಿಲಾಚೆ ಹೋಯಿತೆಂದು ತಿಳಿದವನಂತೆ, ಕಾಲೆತ್ತಿ ಸಾವಕಾಶವಾಗಿ ತನ್ನ ಉತ್ತರ ಹಾಕಿದ. ಬೆಳ್ಳಂಬೆಳಿಗ್ಗೆ ಶಿವವ್ವ ಒಬ್ಬಳೇ ಅಂಗಳದಲ್ಲಿ ನಿಂತು ಚಪ್ಪಾಳೆ ತಟ್ಟಿದಳು.

ಒಂಬತ್ತಕ್ಕೆ ಫೋನು ಬಂತು. ಕಾಶೆವ್ವ ಹಸಿರು ಅಂಗಿ ತೊಟ್ಟು ಮಲಗಿದ್ದಳು. ಮುಖ ಸಣ್ಣದಾಗಿತ್ತು.

"ಲಿಂಗಾ ಹಿಡಿ" ಎಂದಳು.

"ಹಿಡದೀನಿ. ಎರಡ ದಿನಾ ಒಂದ ಹನಿ ಬಿದ್ದಿಲ್ಲ. ಇವತ್ತೂ ಹೊರಗ ಮಾಡ್ಯಾನ."

"ಹೆಂಗ ಸರಿ ಮಾಡಿದಿ ಅವನ್ನ?"

ಶಿವವ್ವನ ಬಾಯಿಗೆ ನೂರು ಉತ್ತರ ಬಂದವು. ಪಾಳಿ ಹಚ್ಚಿದೆ ಎನ್ನಬಹುದಿತ್ತು, ಡಾಕ್ಟರಿಗೆ ತೋರಿಸಿದೆ ಎನ್ನಬಹುದಿತ್ತು, ಎರಡೂ ಸುಳ್ಳಲ್ಲ. ಆದರೆ ಕೈಯಲ್ಲಿ ಲಿಂಗವಿತ್ತು.

"ಅವಂದ ತಪ್ಪ ಇರಲಿಲ್ಲ ಅಕ್ಕಾ. ನಂದ ಇತ್ತು. ನಾ ಹೊಡಿಯೂ ಗಂಜಳದಿಂದ ಮಾಡಾಕತ್ತಿದ್ದ. ನಾನ ಬಿಟ್ಟೆ, ಅವನೂ ಬಿಟ್ಟ."

ಕಾಶೆವ್ವ ಮಾತಾಡಿದ್ದು ಅವಳಿಗಲ್ಲ, ಮಗನಿಗೆ. "ಬಸವಲಿಂಗ, ಇದರ ಆವಾಜ ದೊಡ್ಡದ ಮಾಡು. ಏ ನರ್ಸ್‌ಬಾಯಿ, ಇಲ್ಲಿ ಬರ್ರಿ. ಡಾಕ್ಟರ್‌ನೂ ಕರೀರಿ. ಶಿವಿ, ಮತ್ತೊಮ್ಮಿ ಅನ್ನು."

"ಏನ ಅನ್ಲಿ?"

"ತಪ್ಪ ಯಾರದು?"

"ನಂದು" ಎಂದಳು ಶಿವವ್ವ.

ಕಾಶೆವ್ವ ನಕ್ಕಳು. ಮಂಚ ಅಲ್ಲಾಡುವಂತೆ ನಕ್ಕಳು. "ಐವತ್ತೆಂಟ ವರ್ಷ ಕಾದೇನಿ ಈ ಮಾತಿಗಿ. ಹೊಡ್ರಿ ಗಾಡಿ, ಇನ್ನ ಎರಡಲ್ಲ ನಾಕ ಕಾಲ ಇದ್ರೂ ಕೊಯ್ರಿ" ಎಂದಳು. ಗಾಲಿ ಮಂಚ ಉರುಳುತ್ತ ಹೋಗುವಾಗಲೂ ಅವಳ ನಗು ಫೋನಿನಲ್ಲಿ ಕೇಳುತ್ತಲೇ ಇತ್ತು. ಥೇಟರಿನ ಬಾಗಿಲು ಮುಚ್ಚಿದ ಮೇಲೆ ಶಿವವ್ವ ನಿಂಬೆ ಗಿಡದ ಹತ್ತಿರ ಕುಳಿತು ಅತ್ತಳು, ದಿವಾನ ಪಕ್ಕದಲ್ಲಿ ಎದೆ ಮುಂದೆ ಮಾಡಿ ಕುಳಿತು ಅಹವಾಲು ಕೇಳಿದ.

ಕಾಶೆವ್ವ ನಾಯಿ ಒಯ್ಯಲು ಬಂದದ್ದು ಎರಡೂವರೆ ತಿಂಗಳ ಮೇಲೆ, ಮಳೆ ಬಿದ್ದ ಮರುದಿನ. ಓಣಿಯ ತಿರುವಿನಲ್ಲಿ ಗಾಡಿಯಿಂದ ಇಳಿದು, ಮಗನ ಕೈ ಬಿಡಿಸಿಕೊಂಡು, ಹಸಿ ಮಣ್ಣು ತುಳಿಯುತ್ತ ಒಬ್ಬಳೇ ನಡೆದು ಬಂದಳು. ದಿವಾನ ಅವಳ ಸುತ್ತ ಕುಣಿಯುತ್ತ ಕೆಸರು ಎರಚಿದ. ಅಂಗಳ ದಾಟಿದಳು, ಬಕೆಟ್ಟಿನ ಕಡೆ ನೋಡಲೂ ಇಲ್ಲ, ಎರಡೂ ಕಾಲೊರೆಸನ್ನು ದಾಟಿ, ಗೋಡೆ ಹಿಡಿಯದೆ, ಪಡಸಾಲೆಯ ನಟ್ಟನಡುವೆ ಬಂದು ನಿಂತು ತಂಗಿಯ ಮುಖ ನೋಡಿದಳು. ಬೈಯಲಿ ಎಂದೇ ಕಾಯುತ್ತಿದ್ದಳು.

ಬಾಗಿಲಿನಿಂದ ಪಡಸಾಲೆಯವರೆಗೆ ಬಿಳಿ ಟೈಲ್ಸಿನ ಮೇಲೆ ಕೆಸರಿನ ಹೆಜ್ಜೆ ಮೂಡಿದ್ದವು. ಎಲ್ಲವೂ ಒಂದೇ ಅಳತೆಯವು, ನೆಟ್ಟಗಿದ್ದವು, ಎಲ್ಲೂ ಕಾಲೆಳೆದ ಗುರುತಿರಲಿಲ್ಲ. ಶಿವವ್ವ ಒಂದೊಂದನ್ನೇ ನೋಡಿದಳು.

"ಕುಂದರ ಅಕ್ಕಾ, ಚಾ ಮಾಡ್ತೇನಿ" ಎಂದು ಒಳಗೆ ಹೋದಳು.

ಆ ಹೆಜ್ಜೆಗಳನ್ನು ಅವಳು ಸಂಜೆಯವರೆಗೂ ಒರೆಸಲಿಲ್ಲ. ಒರೆಸಲು ಬಂದ ಲಕ್ಕಪ್ಪನಿಗೂ ಒರೆಸಗೊಡಲಿಲ್ಲ.